ಕಂಪ್ಯೂಟರ್ ಜೋಡಿಸಿದ ಲಗ್ನದ ಯಾದಿ

ಲ್ಯಾಪ್‌ಟಾಪ್ ಹೊತ್ತುಕೊಂಡು ಊರೂರು ತಿರುಗುವವರಿಗೆ ಉಪಯುಕ್ತ ಸೂಚನೆ ಕೊಡುವ ಅಧಿಕಾರ ಕುಂದಗೋಳ ತಾಲೂಕಿನಲ್ಲಿ ಯಾರಿಗಾದರೂ ಇದ್ದರೆ ಅದು ನನಗೆ. ಎಂಬತ್ತರ ದಶಕ ಮುಗಿಯುತ್ತಿದ್ದ ಆ ವರ್ಷ ತಾಲೂಕಿನಲ್ಲಿ ಅಂಥ ಯಂತ್ರ ಇದ್ದದ್ದೇ ನನ್ನೊಬ್ಬನ ಹತ್ತಿರ. ಅದೂ ನನ್ನದಲ್ಲ, ಹುಬ್ಬಳ್ಳಿಯಲ್ಲಿ ನಾನು ಕೆಲಸ ಮಾಡುತ್ತಿದ್ದ ನೀರಿನ ಪಂಪಿನ ಕಂಪನಿಯದು. ರೈತರ ಬಾವಿಯ ಲೆಕ್ಕ ಹೊಲದಲ್ಲೇ ಕುಳಿತು ಮಾಡಲಿ ಎಂದು ಕೊಟ್ಟಿದ್ದರು. ತೊಡೆಯ ಮೇಲೆ ಇಟ್ಟುಕೊಳ್ಳುವ ಯಂತ್ರ ಎಂದು ಹೆಸರು. ಅರ್ಧ ಗಂಟೆ ಇಟ್ಟುಕೊಂಡರೆ ತೊಡೆ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾಗಿತ್ತು!

ಅದೇ ಹೊತ್ತಿಗೆ ನನ್ನ ತಂಗಿ ನಿರ್ಮಲಾಳ ಲಗ್ನ ನಿಶ್ಚಯವಾಯಿತು. ನಮ್ಮ ಕಡೆ ಕಾರ್ಡನ್ನು ಅಂಚೆಯಲ್ಲಿ ಕಳಿಸಿದರೆ ಬೀಗರು, ಬಂಧುಗಳು ಬರುವುದಿಲ್ಲ. ಮನೆಗೆ ಹೋಗಬೇಕು, ಕಾಲಿಗೆ ನಮಸ್ಕರಿಸಬೇಕು, ಕೈಯಲ್ಲಿ ಕಾರ್ಡು ಕೊಡಬೇಕು, ಅವರು ಬಡಿಸಿದ್ದನ್ನು ಉಣ್ಣಬೇಕು. ಊರೊಳಗಿನ ಮನೆಗಳಿಗೆ ಕುಂಕುಮ ಹಿಡಿದು ಅವ್ವ ಮತ್ತು ನನ್ನ ಹೆಂಡತಿ ಶಕುಂತಲಾ ಹೋಗುವುದೆಂದಾಯಿತು. ಪರಊರಿನ ಕೆಲಸ ಯಾವಾಗಲೂ ಅಪ್ಪನದು. ಈ ಸಲ ಅವನಿಗೆ ಮೊಣಕಾಲು ನೋವು. ಹಳೆಯ ನೋಟುಬುಕ್ಕೊಂದನ್ನು ನನ್ನ ಕೈಗೆ ಕೊಟ್ಟ.

"ಚಂದ್ರ್ಯಾ, ಇದರಾಗ ಎಲ್ಲಾರ ಯಾದಿ ಐತಿ. ಹೆಂಗ ಐತಿ ಹಂಗ ಹೋಗು. ನಿನ್ನ ಶ್ಯಾಣ್ಯಾತನ ನಡುವ ತರಬ್ಯಾಡ."

ಯಾದಿ ತೆಗೆದು ನೋಡಿದರೆ ನನಗೆ ನಗು ಬಂತು. ಮೊದಲು ಶಲವಡಿಯ ಸೋದರಮಾವ ವಿರೂಪಾಕ್ಷಪ್ಪ. ಆಮೇಲೆ ಮಿಶ್ರಿಕೋಟಿಯವರೊಬ್ಬರು. ಆಮೇಲೆ ಅಣ್ಣಿಗೇರಿ, ಮತ್ತೆ ಶಲವಡಿ, ಅಲ್ಲಿಂದ ಗುಡಗೇರಿಗೆ ಹಾರಿ ಮತ್ತೆ ಮಿಶ್ರಿಕೋಟಿ! ಈ ಯಾದಿ ಹಿಡಿದು ಹೊರಟರೆ ಬಸ್ಸಿನಲ್ಲೇ ಮುದುಕನಾಗುತ್ತಿದ್ದೆ. ಹಳೇ ಮಂದಿಗೆ ವ್ಯವಸ್ಥೆ ಎಂದರೆ ಏನೆಂದೇ ಗೊತ್ತಿಲ್ಲ ಎಂದುಕೊಂಡೆ.

ಲ್ಯಾಪ್‌ಟಾಪಿನಲ್ಲಿ ಪಟ್ಟಿ ಜೋಡಿಸುವ ಅದ್ಭುತವಾದ ಸಾಫ್ಟ್‌ವೇರ್ ಇತ್ತು. ಎರಡು ದಿನ ಕುಳಿತು ಊರು ಮತ್ತು ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದೆ. ಒಂದು ಕೀಲಿ ಒತ್ತಿದ್ದೇ ತಡ, ಊರುಗಳು ಎ ಇಂದ ಝಡ್‌ವರೆಗೆ ಸಾಲಾಗಿ ನಿಂತವು. ಮೊದಲು ಅಣ್ಣಿಗೇರಿ, ಆಮೇಲೆ ಗುಡಗೇರಿ, ಮಿಶ್ರಿಕೋಟಿ, ಕೊನೆಗೆ ಶಲವಡಿ. ಒಂದೊಂದು ಊರಿನ ಹೆಸರುಗಳೂ ಹಾಗೆಯೇ. ದಿನಕ್ಕೊಂದು ಊರು, ನಾಲ್ಕು ದಿನದ ರಜೆ. ಇದಕ್ಕೆ ವಿಜ್ಞಾನ ಎನ್ನುತ್ತಾರೆ!

"ಒಂದು ಹಾಳಿ ಮ್ಯಾಲೆ ಬರಕೊಂಡು ಹೋಗ್ರಿ. ಇಷ್ಟು ಭಾರ ಯಾಕ ಹೊರತೀರಿ?" ಎಂದಳು ಶಕುಂತಲಾ.

"ಹಾಳಿ ಕಳೀತೈತಿ. ಇದು ಕಳಿಯೂದಿಲ್ಲ."

"ಇಷ್ಟು ದೊಡ್ಡದು ಹೆಂಗ ಕಳೀತೈತ್ರಿ? ಇರಲಿ, ಎಲ್ಲಾರೂ ಬಂದಾರ ಇಲ್ಲೊ ನೋಡಿಕೊಳ್ರಿ."

"ಒಬ್ಬರನ್ನೂ ಬಿಟ್ಟಿಲ್ಲ!" ಎಂದೆ. ಆ ಮಾತು ಮಾತ್ರ ಇವತ್ತಿಗೂ ಸತ್ಯ.

ಲ್ಯಾಪ್‌ಟಾಪಿನವರಿಗೆ ನನ್ನ ಮೊದಲ ಸೂಚನೆ ಏನೆಂದರೆ, ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂಡ್ರಬೇಡಿ. ಅಣ್ಣಿಗೇರಿ ಮುಟ್ಟುವುದರೊಳಗೆ ಯಂತ್ರದ ಮೇಲೆ ಕರಿ ಮಣ್ಣಿನ ಧೂಳು ಬಿತ್ತನೆ ಮಾಡುವಷ್ಟು ಕುಳಿತಿತ್ತು. ಬಾಜೂಕ್ಕೆ ಕುಳಿತ ಹಿರಿಯರು ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿ, "ಭಜನಿಗೆ ಹೊಂಟೀರೇನ್ರಿ? ಯಾವ ಊರಾಗ?" ಎಂದು ಕೇಳಿದರು. ಇದು ಹಾರ್ಮೋನಿಯಂ ಅಲ್ಲ, ಕಂಪ್ಯೂಟರ್ ಎಂದೆ. "ಇರಲಿ, ಒಂದು ಪದ ಹಚ್ರಿ" ಎಂದರು.

ಅಣ್ಣಿಗೇರಿಯ ಮೊದಲ ಹೆಸರು ಅಂದಾನೆಪ್ಪ ಕಾಕಾ, ಅಪ್ಪನ ದೂರದ ತಮ್ಮ. ಕಾರ್ಡು ಕೈಗಿತ್ತೆ. ಕಾಕಾ ಕೇಳಿದರು:

"ಶಲವಡಿ ಮುಗಿಸಿಕೊಂಡು ಬಂದಿಲ್ಲೋ?"

"ಇಲ್ರಿ ಕಾಕಾ. ಎಲ್ಲಾರಕಿಂತ ಮೊದಲ ನಿಮ್ಮ ಮನಿಗೇ ಬಂದೀನ್ರಿ."

ಕಾಕಾ ಒರಗಿದ್ದ ಲೋಡು ಬಿಟ್ಟು ನೆಟ್ಟಗೆ ಕುಳಿತರು. "ನಮ್ಮ ಮನಿಗೆ? ಮೊದಲ?"

"ಹೌದ್ರಿ. ಕಂಪ್ಯೂಟರಿನ್ಯಾಗ ಮೊದಲ ನಂಬರ ನಿಮ್ಮದ ಐತ್ರಿ."

ಕಾಕಾ ಒಳಗೆ ಕೂಗಿ ತುಪ್ಪ ಜಾಸ್ತಿ ಹಾಕಿ ಶಿರಾ ಮಾಡಲು ಹೇಳಿದರು. ವಿಜ್ಞಾನಕ್ಕೆ ಸಿಕ್ಕ ಮರ್ಯಾದೆ ಎಂದು ಭಾವಿಸಿ, ಮುಂದಿನ ಮೂರು ಊರುಗಳ ಸಾಲನ್ನೂ ವಿವರಿಸುತ್ತ ನಾನು ಎರಡು ಸಲ ಹಾಕಿಸಿಕೊಂಡೆ. ಅವರ ಮಗಳನ್ನು ಕೊಟ್ಟದ್ದು ಶಲವಡಿಯಲ್ಲಿ, ನನ್ನ ಸೋದರಮಾವನ ಮನೆಯ ಎದುರಿಗೇ ಎಂಬುದು ನನ್ನ ತಲೆಯಲ್ಲಿ ಹೊಳೆಯಲೇ ಇಲ್ಲ.

ಆ ರಾತ್ರಿ ಅಲ್ಲೇ ಉಳಿದೆ. ಶಲವಡಿ ಅಲ್ಲಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಆದರೆ ಯಾದಿಯಲ್ಲಿ ಅದು ಕೊನೆಗೆ! ಹಾಗಾಗಿ ಮರುದಿನ ಹುಬ್ಬಳ್ಳಿಗೆ ಹೋಗಿ ಗುಡಗೇರಿಯ ರೈಲು ಹತ್ತಿದೆ. ರೈಲು ನಡುವೆ ನಮ್ಮ ಕುಂದಗೋಳ ಸ್ಟೇಷನ್ನಿನಲ್ಲೇ ನಿಂತಿತು. ಮನೆಗೆ ಹೋಗಿ ಅಂಗಿ ಬದಲಿಸಬಹುದಿತ್ತು. ಇಳಿಯಲಿಲ್ಲ. ಯಾದಿಯಲ್ಲಿ ಕುಂದಗೋಳ ಇರಲಿಲ್ಲ!

ಗುಡಗೇರಿಯಲ್ಲಿ ಬ್ಯಾಟರಿ ಬರಿದಾಯಿತು. ಊರಲ್ಲಿ ಆ ಹೊತ್ತಿನಲ್ಲಿ ಕರೆಂಟಿದ್ದದ್ದು ಹಿಟ್ಟಿನ ಗಿರಣಿಯಲ್ಲಿ ಮಾತ್ರ. ಜೋಳದ ಡಬ್ಬಿಗಳ ಸಾಲಿನಲ್ಲಿ ಪಾಳಿ ಹಚ್ಚಿ, ಯಂತ್ರಕ್ಕೆ ಕರೆಂಟು ಕುಡಿಸಿ, ಹೊರಬಂದಾಗ ನಾನೂ ಲ್ಯಾಪ್‌ಟಾಪೂ ಬೆಳ್ಳಗಾಗಿದ್ದೆವು. ಸೂಚನೆ: ಒಂದು ಒಣ ಅರಿವೆ ಜೊತೆಗಿರಲಿ. ಮೂರನೆಯ ದಿನ ಮಿಶ್ರಿಕೋಟಿ ಸುಸೂತ್ರ. ನಾಲ್ಕನೆಯ ದಿನ ವಿಜಯೋತ್ಸಾಹದಿಂದ ಶಲವಡಿಗೆ ಇಳಿದೆ.

ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ಸಣ್ಣವನಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ಹೊಲಕ್ಕೆ ಒಯ್ದವರು. ಕಂಡ ಕೂಡಲೇ "ಬಾರಲೇ ಚಂದ್ರ್ಯಾ" ಎಂದು ತಲೆಗೊಂದು ಮೊಟಕುವವರು. ಅವತ್ತು ಎದ್ದು ನಿಂತು ಕೈ ಮುಗಿದರು.

"ಬರ್ರಿ ಸಾಹೇಬರ. ಕೂಡ್ರಿ. ಭಾಳ ದಣದೀರಿ."

ಸೋದರಮಾವ ಅಳಿಯನಿಗೆ 'ರಿ' ಹಚ್ಚಿ ಮಾತಾಡುವುದಕ್ಕಿಂತ ಕಪಾಳಕ್ಕೆ ಹೊಡೆಯುವುದು ಲೇಸು.

"ಮಾವಾ, ಇದೇನ್ರಿ ಹಿಂಗ?"

"ಮತ್ತೇನ್ರಿ. ಅಣ್ಣಿಗೇರಿ ಆತು, ಗುಡಗೇರಿ ಆತು, ಮಿಶ್ರಿಕೋಟಿ ಆತು. ದೊಡ್ಡವರ ಮನಿ ಎಲ್ಲಾ ಮುಗದಮ್ಯಾಲೆ ನಮ್ಮ ನೆನಪರ ಆತಲ್ಲ, ಅದ ದೊಡ್ಡದು."

ಎದುರಿನ ಮಗಳ ಮನೆಯ ಕಟ್ಟೆಯ ಮೇಲೆ ಅಂದಾನೆಪ್ಪ ಕಾಕಾ ಮೀಸೆ ತಿರುವುತ್ತ ಕುಳಿತಿದ್ದರು. ಮೂರು ದಿನದಿಂದ ಅದೇ ಕೆಲಸ ಎಂದು ಆಮೇಲೆ ತಿಳಿಯಿತು. ದೇವರಿಗೆ ಮೊದಲ ಕಾರ್ಡು, ಎರಡನೆಯದು ಸೋದರಮಾವನಿಗೆ. ನಮ್ಮಲ್ಲಿ ಇದು ಕೂಸಿಗೂ ಗೊತ್ತು. ಮಾವ ಹಿಂದೆ ನಿಲ್ಲದೆ ಮದುಮಗಳ ತಲೆಯ ಮೇಲೆ ಅಕ್ಕಿಕಾಳು ಬೀಳುವುದಿಲ್ಲ. ಲಗ್ನಕ್ಕೆ ಹತ್ತೇ ದಿನ ಇತ್ತು. ಅಪ್ಪನ ಯಾದಿ ಊರಿನ ಸಾಲಲ್ಲ, ಮರ್ಯಾದೆಯ ಸಾಲು ಎಂದು ಆಗ ನನ್ನ ಮಂಡೆಗೆ ಇಳಿಯಿತು.

ಕಾಲು ಮುಟ್ಟಿ ಕಾರ್ಡು ಚಾಚಿದೆ. ಮಾವ ಕೈ ಮುಂದೆ ಮಾಡಲಿಲ್ಲ. "ಅಲ್ಲೇ ಇಡ್ರಿ" ಎಂದರು.

"ತಪ್ಪು ನಂದಲ್ರಿ ಮಾವಾ, ಈ ಮಷೀನಿಂದು!"

"ಅಂದ್ರ ನಮ್ಮನ್ನ ಕರಿಯಾಕ ಮಷೀನು ಬಂದೈತಿ? ನಿಮ್ಮವ್ವ ಕಳಿಸಿಲ್ಲ?"

ಇಲ್ಲಿಗೆ ನಿಲ್ಲಿಸಿದ್ದರೆ ಉಳಿಯುತ್ತಿದ್ದೆ. ಆದರೆ ಸಾಫ್ಟ್‌ವೇರಿನಲ್ಲಿ ಯಾದಿಯನ್ನು ತಲೆಕೆಳಗಾಗಿ ತಿರುವಿ ಹಾಕುವ ಕೀಲಿಯೂ ಇದೆ ಎಂದು ನೆನಪಾಯಿತು. ಲ್ಯಾಪ್‌ಟಾಪ್ ಬಿಚ್ಚಿ, ಕೀಲಿ ಒತ್ತಿ, ಜಯಘೋಷ ಮಾಡಿದೆ. "ನೋಡ್ರಿ ಮಾವಾ, ಈಗ ನೀವ ಮೊದಲ! ಶಲವಡಿ, ವಿರೂಪಾಕ್ಷಪ್ಪ!"

ಮಾವನ ಮುಖ ತುಸು ಸಡಿಲಾಯಿತು. "ಹೌದ? ಪೂರಾ ಓದು ನೋಡೂಣು."

'ಓದು' ಎಂದರು, 'ಓದ್ರಿ' ಎನ್ನಲಿಲ್ಲ! ಖುಷಿಯಲ್ಲಿ ಗಂಟಲು ಹರಿಯುವಂತೆ ಇಡೀ ಯಾದಿ ಓದಿದೆ. ಕೊನೆಯ ಹೆಸರು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು. "ಅಣ್ಣಿಗೇರಿ, ಅಂದಾನೆಪ್ಪ."

ಎದುರಿನ ಕಟ್ಟೆಯಿಂದ ಕಾಕಾ ಎದ್ದು ಬಂದರು.

"ನಾ ಕಡೀಗೆ?"

"ಕಾಕಾ, ಇದು ಬರೇ ತಿರುವಿ ಹಾಕಿದ್ದ್ರಿ..."

"ಮೂರು ದಿನದಾಗ ನನ್ನ ಮೊದಲಿಂದ ಕಡೀಗೆ ತಂದ್ಯಲ್ಲೋ! ಅಂಥಾದ್ದು ನಾ ಏನು ಮಾಡೀನಿ? ಶಿರಾದಾಗ ತುಪ್ಪ ಕಡಿಮಿ ಆಗಿತ್ತೇನು?"

ಅವರನ್ನು ಸಮಾಧಾನ ಮಾಡಲು ಮೊದಲಿನಂತೆ ತಿರುವೋಣವೆಂದು ಕೀಲಿಗೆ ಕೈ ಹಾಕಿದೆ. ಮಾವ ಕೆಮ್ಮಿದರು. ಕೈ ತೆಗೆದೆ. ಕಾಕಾ ಕೆಮ್ಮಿದರು. ಅಷ್ಟರಲ್ಲಿ ಬ್ಯಾಟರಿಯೇ ನ್ಯಾಯ ತೀರಿಸಿತು. ಪರದೆ ಕಪ್ಪಾಯಿತು, ಇಬ್ಬರೂ ಮಾಯವಾದರು.

"ನಿಮ್ಮವ್ವಗ ಹೇಳ್ರಿ ಸಾಹೇಬರ," ಎಂದರು ಮಾವ, "ಅಣ್ಣ ಬೇಕಾಗಿದ್ರ ತಾನ ಬಂದು ಕರೀಲಿ."

ಮನೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ಕೈ ನಿಂತಿತು.

"ಅಣ್ಣ ಕಾರ್ಡು ಕೈಯಾಗ ತಗೊಂಡ್ನೇನು?"

"ಇಲ್ಲವ್ವಾ."

ಅವಳು ಬೈಯಲಿಲ್ಲ. ಮೊರ ಬದಿಗಿಟ್ಟು ಒಳಗೆ ಹೋದಳು. ಇರುವ ಒಬ್ಬನೇ ಅಣ್ಣನನ್ನು ಅವಳಿಂದ ದೂರ ಮಾಡಿದ್ದು ನಾನು. ನನಗೆ ನಿಜವಾಗಿಯೂ ಅಳು ಬಂತು. ಅಪ್ಪ ನನ್ನ ಮುಖವನ್ನೂ ಪೆಟ್ಟಿಗೆಯನ್ನೂ ಒಮ್ಮೆ ನೋಡಿ, "ಎರಡನ್ನೂ ಮೂಲಿಗೆ ಇಡು" ಎಂದ.

ಮರುದಿನ ಮೊದಲ ಬಸ್ಸಿಗೆ ಅವ್ವ ಕುಂಕುಮದ ಬಟ್ಟಲು ಹಿಡಿದು, ಅಪ್ಪ ಮೊಣಕಾಲು ಹಿಡಿದು ಹೊರಟರು. ನನ್ನನ್ನು ಕರೆಯಲಿಲ್ಲ. ಸಂಜೆ ತಿರುಗಿ ಬಂದ ಅವ್ವ ಚಪ್ಪಲಿ ಬಿಡುತ್ತ, "ಬರತಾನ. ಅಂದಾನೆಪ್ಪನೂ ಬರತಾನ" ಎಂದಳು. ಹೇಗೆ ಒಪ್ಪಿಸಿದಳೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಮಾವ ಲಗ್ನದ ಹಿಂದಿನ ದಿನವೇ ಬಂದರು. ನಿರ್ಮಲಾಳ ಹಿಂದೆ ಗೋಡೆಯಂತೆ ನಿಂತರು, ಅಕ್ಕಿಕಾಳು ಬಿದ್ದವು. ಊಟದ ಹೊತ್ತಿಗೆ ಪಂಕ್ತಿಯ ಉಸ್ತುವಾರಿಯನ್ನೂ ತಾವೇ ವಹಿಸಿಕೊಂಡರು. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ಹಂದರದ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕರೆದು ಕೂಡ್ರಿಸಿದರು. ಮೊದಲ ಪಂಕ್ತಿಯ ಮೊದಲ ಎಲೆಗೆ ಅಂದಾನೆಪ್ಪ ಕಾಕಾ! ನಾನು ಕೈ ತೊಳೆದುಕೊಂಡು ನಿಂತೇ ಇದ್ದೆ. ಒಂದಾದ ಮೇಲೊಂದು ನಾಲ್ಕು ಪಂಕ್ತಿ ಎದ್ದವು. ಕೊನೆಗೆ ಅಡಿಗೆಯವರು ಕುಳಿತಾಗ ಮಾವ ಕೂಗಿದರು:

"ಏ ಚಂದ್ರ್ಯಾ! ಬಾರಲೇ, ಕೂಡು!"

ತಲೆಗೊಂದು ಮೊಟಕಿ ನನ್ನ ಬಾಜೂಕ್ಕೇ ಕುಳಿತರು. ಅವರೂ ಅಲ್ಲಿಯವರೆಗೆ ಉಂಡಿರಲಿಲ್ಲ. ನನ್ನ ಕಣ್ಣು ತುಂಬಿತು. ಬಡಿಸುವವರು ಬುಟ್ಟಿ ತಂದರು. ಉಳಿದಿದ್ದದ್ದು ಒಂದೇ ಹೋಳಿಗೆ. ಯಾರಿಗೆ ಹಾಕಲಿ ಎಂದು ನಮ್ಮಿಬ್ಬರ ಮುಖ ನೋಡಿದರು. ಈ ಸಲ ನಾನು ತಪ್ಪು ಮಾಡಲಿಲ್ಲ. ಮಾವನ ಎಲೆ ತೋರಿಸಿದೆ.

ಮುರಿದು ಅರ್ಧ ನನಗೆ ಕೊಡುತ್ತಾರೆಂದು ಕಾದೆ. ಮಾವ ಮೇಲೆ ತುಪ್ಪ ಹಾಕಿಸಿಕೊಂಡು ಪೂರ್ತಿ ತಿಂದರು.