ಫರ್ಷೀದನ ಇಪ್ಪತ್ತು ನಿಮಿಷ

ರೊಟ್ಟಿ ಅಂಗಡಿಯ ಸಾಲಿನಲ್ಲಿ ಫರ್ಷೀದ್ ಬಾಯಿ ಬಿಟ್ಟದ್ದೇ ತಪ್ಪಾಯಿತು. "ಇವತ್ತು ರೇಸ್ ಟ್ರ್ಯಾಕಲ್ಲಿ ಕಾರು ಓಡಿಸೋಕೆ ಹೋಗ್ತಿದ್ದೀನಿ" ಎಂದಿದ್ದನಷ್ಟೇ. ಅವನು ಬಿಸಿ ರೊಟ್ಟಿ ಹಿಡಿದು ಮನೆ ಮುಟ್ಟುವ ಮೊದಲೇ ಸುದ್ದಿ ಅವನ ಕಟ್ಟಡದ ನಾಲ್ಕೂ ಮಹಡಿ ಹತ್ತಿತ್ತು.

ಭೂಗೋಳದ ಮೇಷ್ಟ್ರು ಫರ್ಷೀದ್ ಟೆಹರಾನಿನ ಟ್ರಾಫಿಕ್ಕಿನಲ್ಲಿ ಎರಡನೇ ಗೇರು ದಾಟಿದವನಲ್ಲ. ಟ್ರ್ಯಾಕಿನವರು ಹೊಸಬರಿಗೆ ವರ್ಷಕ್ಕೊಮ್ಮೆ ಕೊಡುವ ಇಪ್ಪತ್ತು ನಿಮಿಷಕ್ಕೆ, ಚೀಟಿ ಎತ್ತುವಾಗ ತನ್ನ ಹೆಸರು ಬರಲೆಂದು ಎರಡು ವರ್ಷ ಕಾದಿದ್ದ. ಬ್ರೇಕ್ ಆಯಿಲ್ ಬದಲಾಯಿಸಿದ್ದ. ಟೈರಿನ ಗಾಳಿ ಮೂರು ಸಲ ಅಳೆದಿದ್ದ. ಒಳಗೆ ಒಂದು ಪೆನ್ನೂ ಉರುಳಾಡಬಾರದೆಂಬ ನಿಯಮವಿತ್ತು. ಚಾಪೆ, ಟಿಶ್ಯೂ ಡಬ್ಬಿ, ಸ್ಟೆಪ್ನಿ ಎಲ್ಲ ಇಳಿಸಿದ ಮೇಲೆ ಕಾರು ಆಗಷ್ಟೇ ಬೋಳಿಸಿದ ತಲೆಯಂತೆ ನಿಂತಿತ್ತು.

ಮೇಲಿನ ಮನೆಯ ಇಫ್ಫತ್ ಖಾನುಂ, ಅರವತ್ತೆಂಟರ ವಿಧವೆ, ಹೆಲ್ಮೆಟ್ ಹಿಡಿದು ಇಳಿದು ಬಂದರು.

"ತಗೋ ಫರ್ಷೀದ್ ಜಾನ್," ಎಂದರು ಮುದ್ದಿನಿಂದ, "ಸುಮ್ನೆ ಬಿದ್ದಿತ್ತು."

"ಬೇಡಿ ಖಾನುಂ."

"ತಗೊಳ್ಳಪ್ಪ."

"ನಿಮಗ್ಯಾಕೆ ತೊಂದರೆ."

"ತಗೋ ಅಂದ್ನಲ್ಲ."

ತೆಗೆದುಕೊಂಡ. ಎರಡು ಸಲ ಬೇಡವೆನ್ನುವುದು ಟೆಹರಾನಿನ ಮರ್ಯಾದೆ. ಮೂರನೇ ಸಲವೂ ಒತ್ತಾಯಿಸಿದರೆ ಮಾತ್ರ ಅದು ನಿಜವಾದ ಒತ್ತಾಯ. ಹೆಲ್ಮೆಟ್ ಬಿಗಿಯಾಗಿ ಅವನ ಕಿವಿಗಳು ಮಡಚಿದ ರೊಟ್ಟಿಯಂತಾದವು.

"ನಿಮ್ಮ ಯಜಮಾನರದ್ದಾ?"

"ಅವರಿಗೆ ಸೈಕಲ್ಲೂ ಬರ್ತಿರ್ಲಿಲ್ಲ."

ಅಷ್ಟರಲ್ಲಿ ಕೆಳಮನೆಯ ನಿವೃತ್ತ ಕರ್ನಲ್ ಅರ್ದಲಾನ್, ಬೋಳು ಕಾರಿನೊಳಗೆ ಚಹಾ ಕಾಯಿಸುವ ಸಮೋವರ್, ಜಮಖಾನ, ಒಂದು ಕಲ್ಲಂಗಡಿ ತುಂಬಿಬಿಟ್ಟಿದ್ದರು. "ಒಬ್ಬನೇ ಹೋಗ್ತೀಯಾ? ನಾವೇನು ಸತ್ತಿದ್ದೀವಾ?" ಎಂದು ಮುಂದಿನ ಸೀಟಿನಲ್ಲಿ ಕುಳಿತರು. ಇಫ್ಫತ್ ಖಾನುಂ ಹಿಂದೆ, ಕಲ್ಲಂಗಡಿಯ ಪಕ್ಕದಲ್ಲಿ.

ಟ್ರ್ಯಾಕಿನ ತರಬೇತುದಾರ ಒಂದೊಂದಾಗಿ ಎಲ್ಲ ಇಳಿಸಿದ. ಬ್ರೇಕ್ ಒತ್ತಿದ, ಟೈರು ಒದ್ದ, ತಲೆದೂಗಿದ. ಕರ್ನಲ್ ಬೇಲಿಯ ಪಕ್ಕ ಜಮಖಾನ ಹಾಸಿ ಚಹಾ ಕಾಯಿಸತೊಡಗಿದರು. ಫರ್ಷೀದನ ಸರದಿ ಬಂತು. ಎದೆ ಎಂಜಿನ್ನಿಗಿಂತ ಮೊದಲೇ ಚಾಲೂ ಆಗಿತ್ತು.

"ಪುಣ್ಯವಂತ ನೀನು," ಎಂದು ಇಫ್ಫತ್ ಖಾನುಂ ನಿಟ್ಟುಸಿರಿಟ್ಟರು.

ಅವನ ನಾಲಿಗೆ ಅಭ್ಯಾಸಬಲದಿಂದ ಹೊರಳಿತು. "ಕಾರು ನಿಮ್ದೇ ಖಾನುಂ, ನೀವೇ ಓಡ್ಸಿ."

"ಛೆ, ಬೇಡಪ್ಪ."

"ನಿಜವಾಗ್ಲೂ."

"ಇದು ನಿನ್ನ ದಿನ ಕಣೋ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕರ್ನಲ್ ಚಹಾ ಲೋಟ ಕೆಳಗಿಟ್ಟು ಅವನನ್ನೇ ನೋಡುತ್ತಿದ್ದರು. ಎರಡಕ್ಕೇ ನಿಲ್ಲಿಸಿದರೆ ನಾಲ್ಕೂ ಮಹಡಿ ಏನಂದೀತು?

"ನನ್ನಾಣೆ, ನೀವು ಓಡಿಸ್ಲೇಬೇಕು."

"ಇಷ್ಟೊಂದು ಹೇಳ್ತೀಯ ಅಂದ್ಮೇಲೆ," ಎಂದು ಅವರು ಚೀಲದಿಂದ ಲೈಸೆನ್ಸ್ ತೆಗೆದರು.

ತರಬೇತುದಾರ ಅದರ ಮೇಲಿನ ಹೆಸರು ಓದಿ ನಕ್ಕ. "ಓ, ನೀವಾ? ಐದು ವರ್ಷದಿಂದ ಚೀಟಿ ಹಾಕ್ತಾನೇ ಇದ್ದೀರಿ, ಹೆಸರೇ ಬಂದಿಲ್ಲ. ಇವರು ತಮ್ಮ ಸರದಿ ಬಿಟ್ಕೊಟ್ರೆ ಸಾಕು." ಫರ್ಷೀದನತ್ತ ಕಾಗದ ಚಾಚಿದ. " ಇಲ್ಲಿ ಸಹಿ ಹಾಕಿ."

ಹೆಲ್ಮೆಟ್ ಅವರ ತಲೆಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಇಪ್ಪತ್ತು ನಿಮಿಷ ಫರ್ಷೀದ್ ಬೇಲಿ ಹಿಡಿದು ತನ್ನ ಕಾರು ಹಾದುಹೋಗುವುದನ್ನು ನೋಡಿದ. ಅದಕ್ಕೆ ನಾಲ್ಕನೇ ಗೇರಿನಲ್ಲಿ ಅಂಥ ದನಿಯಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಆ ದಿನದ ಹೊಸಬರಲ್ಲೆಲ್ಲ ಇಫ್ಫತ್ ಖಾನುಂ ವೇಗದಲ್ಲಿ ಮೊದಲು ಬಂದರು.

"ಎಲ್ಲಿ ಕಲಿತಿರಿ?" ತರಬೇತುದಾರ ಕೇಳಿದ.

"ಇಪ್ಪತ್ತೆರಡು ವರ್ಷ ಸ್ಕೂಲ್ ವ್ಯಾನು. ಏಳೂವರೆಗೆ ಗಂಟೆ ಹೊಡೆದುಬಿಡೋರು."

ಅವನು ಫರ್ಷೀದನ ಬೆನ್ನು ತಟ್ಟಿದ. "ಕಾರು ಚೆನ್ನಾಗಿ ರೆಡಿ ಮಾಡಿದ್ದೀರಿ. ಇವರ ಮೆಕ್ಯಾನಿಕ್ಕೂ ನೀವೇನಾ?"

ಹೊರಡುವಾಗ ಇಫ್ಫತ್ ಖಾನುಂ ಬೀಗದಕೈ ಚಾಚಿದರು. "ಮನೆವರೆಗೆ ನೀನೇ ಓಡ್ಸು. ದಾರಿ ಖಾಲಿ ಇದೆ, ಚೆನ್ನಾಗಿ ಬಿಡು."

"ಬೇಡಿ ಖಾನುಂ."

"ನಿನ್ನ ಕಾರಪ್ಪ."

"ನೀವಿದ್ಮೇಲೆ ನಾನ್ಯಾಕೆ," ಎಂದು ಫರ್ಷೀದ್ ತಲೆ ತಗ್ಗಿಸಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮೂರನೇ ಒತ್ತಾಯಕ್ಕೆ ಕಾದ.

ಎಂಜಿನ್ ಚಾಲೂ ಆದ ಸದ್ದು ಕೇಳಿತು.

ಹಿಂದಿನ ಸೀಟಿನಲ್ಲಿ ಕುಳಿತ ಅವನ ತೊಡೆಯ ಮೇಲೆ ಕರ್ನಲ್ ಇನ್ನೂ ಬೆಚ್ಚಗಿದ್ದ ಸಮೋವರ್ ಇಟ್ಟರು.

"ಬೆಲ್ಟ್ ಹಾಕ್ಕೊಂಡ್ಯಾ ಫರ್ಷೀದ್ ಜಾನ್?" ಕನ್ನಡಿಯಲ್ಲಿ ನೋಡುತ್ತ ಇಫ್ಫತ್ ಖಾನುಂ ಕೇಳಿದರು. ಇಪ್ಪತ್ತೆರಡು ವರ್ಷದ ಅಭ್ಯಾಸ.