ಬೈಗುಳ ಓದಿ ಜಾಗ ಹಿಡಿಯುವವಳು

ಬೇಸಿಗೆ ಪ್ರವಾಸದಲ್ಲಿ ಗಾಡಿ ನಿಲ್ಲಿಸಿ ತಂಗುವ ಕ್ಯಾಂಪ್‌ಗ್ರೌಂಡ್ ಆರಿಸುವ ಪರಮಾಧಿಕಾರ ನನ್ನದೇ ಎಂದು ನಂಬಿದ್ದೆ. ಅಡುಗೆಮನೆ, ಹಾಸಿಗೆ, ಕಕ್ಕಸು ಸಮೇತ ಉರುಳುವ ನಮ್ಮ ಆರ್‌ವಿ ಎಂಬ ಅರಮನೆಯ ಸಾರಥಿ ನಾನಲ್ಲವೇ? (ಅಯೋವಾದಲ್ಲಿ ಶಾಲಾ ಬಸ್ಸು ಓಡಿಸುವವನು, ತಿರುವುಗಳೇ ನನಗೆ ಸಲಾಂ ಹೊಡೆಯುತ್ತವೆ.) ಹೆಂಡತಿ ಲೋರ್ನಾ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ವರ್ಷವಿಡೀ ನಿದ್ದೆಗೆಟ್ಟವಳಿಗೆ ರಜೆಯಲ್ಲಿ ಬೇಕಾದದ್ದು ನಿದ್ದೆಯೊಂದೇ. ಅದು ಸಿಗದಿದ್ದರೆ ರಜೆಯೇ ದಂಡ.

"ಇಲ್ಲಿ ನೋಡೇ! ಈಜುಕೊಳ, ಸಂಜೆ ಬ್ಯಾಂಡು, ಬೆಳಿಗ್ಗೆ ಪ್ಯಾನ್‌ಕೇಕು. ಬಂದವರೆಲ್ಲ ಹಾಡಿ ಹೊಗಳಿದ್ದಾರೆ," ಎಂದು ಫೋನು ಚಾಚಿದೆ.

"ಹೊಗಳಿಕೆ ಕಟ್ಕೊಂಡು ಏನ್ ಮಾಡ್ಲಿ? ಬೈದಿರೋದನ್ನ ಓದ್ಬೇಕು ಕಣೋ."

"ಹೊರಡೋ ಮುಂಚೆನೇ ಬೈಗುಳ ಯಾಕೆ ಮಾರಾಯ್ತಿ?"

ಅವಳು ಸೌತ್ ಡಕೋಟದ ಪೈನ್ ಕಾಡಿನಲ್ಲೊಂದು ಜಾಗ ಹುಡುಕಿ, ಅಲ್ಲಿ ತಂಗಿದವರ ಆರ್ತನಾದವನ್ನು ಭಕ್ತಿಯಿಂದ ಪಾರಾಯಣ ಮಾಡತೊಡಗಿದಳು. "'ಒಡತಿ ರಾಕ್ಷಸಿ. ಜನರೇಟರ್ ಹಾಕಿದ್ದಕ್ಕೆ ಗದರಿಸಿದಳು.' ಭೇಷ್! 'ನಾಯಿ ಬೊಗಳಿತೆಂದು ಗಾಡಿ ಸಮೇತ ಹೊರಗಟ್ಟಿದಳು.' ಆಹಾ! ಡ್ವೇನ್, ಇದೇ ಸ್ವರ್ಗ. ಬುಕ್ ಮಾಡು."

ಹೋಗಿ ನೋಡಿದರೆ ಸ್ವರ್ಗವೇ! ಮೇಜಿನ ಮೇಲಿಟ್ಟ ಮೊಟ್ಟೆಯೂ ಉರುಳದಷ್ಟು ಸಮತಟ್ಟಾದ ನೆಲ. ನೀರು, ಕರೆಂಟು ಎಲ್ಲ ಕೈಗೆಟುಕುವಲ್ಲಿ. ಗಾಳಿಯೂ ಪಿಸುಗುಟ್ಟುತ್ತಿತ್ತು. ಲೋರ್ನಾ ಮಲಗಿದಳು ನೋಡಿ, ಕುಂಭಕರ್ಣನೂ ಎದ್ದು ನಿಂತು ನಮಸ್ಕರಿಸಬೇಕು! ಕಣ್ಣಡಿಯ ಕಪ್ಪು ಎರಡೇ ದಿನಕ್ಕೆ ಮಾಯ. ಎಂಥ ತಲೆ ಇವಳದು ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಮೂರನೆಯ ದಿನ ಮಧ್ಯಾಹ್ನ ಅವಳು ಒಳಗೆ ಮಲಗಿದ್ದಾಗ, ನಾನು ಹೊರಗೆ ಕೂತು ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದೆ. ನಮ್ಮವರು ಹೋಮ್ ರನ್ ಬಾರಿಸಿದರು. "ಹೋ!" ಎಂದುಬಿಟ್ಟೆ.

ಒಡತಿ ಶ್ರೀಮತಿ ಟ್ವೆಟ್ ಗಾಲ್ಫ್ ಗಾಡಿಯಲ್ಲಿ ಪ್ರತ್ಯಕ್ಷ. "ಯಾರ್ರೀ ಅದು ಕಿರುಚಿದ್ದು?"

"ಹೋಮ್ ರನ್ನು ಮೇಡಂ..."

"ರನ್ನೂ ಇಲ್ಲ ಗಿನ್ನೂ ಇಲ್ಲ. ಕೊಡ್ರೀ ಇಲ್ಲಿ ಆ ರೇಡಿಯೋನ. ಹೋಗೋ ದಿನ ಆಫೀಸಿಗೆ ಬಂದು ಇಸ್ಕೊಳ್ಳಿ!"

ಅಕ್ಕಪಕ್ಕದ ಆರ್‌ವಿಗಳ ಪರದೆಗಳೆಲ್ಲ ಸರಿದವು. ಮಾನ ಹರಾಜಾಯಿತು. ರೋಷ ತಡೆಯಲಾರದೆ, ಕಕ್ಕಸಿನಲ್ಲಿ ಕೂತು ಫೋನಿನಲ್ಲಿ ಆ ಜಾಗದ ಬೈಗುಳಗಳ ಸಾಲಿಗೆ ನನ್ನದೂ ಒಂದನ್ನು ಹೆಸರಿಲ್ಲದೆ ಬರೆದೆ: "ಇದು ಕ್ಯಾಂಪ್‌ಗ್ರೌಂಡಲ್ಲ, ಸ್ಮಶಾನ! ಇಲ್ಲಿ ಸಂತೋಷಪಡುವುದೂ ಅಪರಾಧ! ಯಾರೂ ಬರಬೇಡಿ!"

ಮರುದಿನ ಕಾಫಿ ಕುಡಿಯುತ್ತ ಲೋರ್ನಾ ಫೋನು ನೋಡಿ ಕಿಲಕಿಲ ನಕ್ಕಳು.

"ಪಾಪ, ಮುಂದಿನ ವರ್ಷ ನಿನ್ನ ಬ್ಯಾಂಡಿನ ಜಾಗಕ್ಕೇ ಹೋಗೋಣ ಅಂತಿದ್ದೆ ಡ್ವೇನ್. ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಈ ಜಾಗಾನ ಎಷ್ಟು ಚೆನ್ನಾಗಿ ಬೈದಿದ್ದಾನೆ ನೋಡು! ಓದಿದ್ಮೇಲೆ ಬಿಡೋಕೆ ಮನಸ್ಸೇ ಬರ್ಲಿಲ್ಲ. ಮುಂದಿನ ಬೇಸಿಗೆಗೂ ಇಲ್ಲೇ ಬುಕ್ ಮಾಡ್ಬಿಟ್ಟೆ."