ಕಿಟಕಿಯ ಬಲಗಡೆಯ ಗಾರೆ

ಇಷ್ಟಕ್ಕೆಲ್ಲ ಮೂಲ ಒಂದು ಹಲ್ಲು. ನಿಜವಾದ ಹಲ್ಲೂ ಅಲ್ಲ, ಬರೀ ಬಾಯಿಮಾತಿನ ಹಲ್ಲು.

ದೊಡ್ಡಬಳ್ಳಾಪುರದ ಪೇಟೆ ಚರ್ಚಿನ ದಕ್ಷಿಣದ ಗೋಡೆಯೆದುರು ಮೇಸ್ತ್ರಿ ಕೆಂಪರಾಜು ಬೆಳಿಗ್ಗೆಯೇ ಬಂದು, ತಾನು ಬಳಿದ ಗಾರೆಯನ್ನು ತಾನೇ ನೋಡುತ್ತ ನಿಂತಿದ್ದ. ಕಿಟಕಿಯ ಬಲಗಡೆ, ಒಂದು ಚಾಪೆ ಹಾಸುವಷ್ಟು ಜಾಗ. ಅಂಗೈಯಿಂದ ಸವರಿದ. ತಣ್ಣಗೆ, ನುಣ್ಣಗೆ, ಮಗುವಿನ ಕೆನ್ನೆಯ ಹಾಗಿತ್ತು. ಅಷ್ಟರಲ್ಲಿ ಚರ್ಚು ಸಮಿತಿಯ ಕಾರ್ಯದರ್ಶಿ ವಸಂತ್ ಹಿಂದಿನಿಂದ ಬಂದು ಕನ್ನಡಕವನ್ನು ಹಣೆಗೇರಿಸಿದ.

"ಕೆಲ್ಸ ಏನೋ ಚೆನ್ನಾಗೈತೆ ಕೆಂಪರಾಜಣ್ಣ. ಆದ್ರೆ ನಮ್ಮಜ್ಜಿ ಬಾಯಿಗೆ ಒಂದೇ ಒಂದು ಹೊಸ ಹಲ್ಲು ಕಟ್ಸಿದಂಗೆ ಕಾಣ್ತದಲ್ಲ!"

ಕೆಂಪರಾಜು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅಲ್ಲಿಯವರೆಗೆ ಅವನಿಗೆ ಗಾರೆ ಕಂಡಿತ್ತು. ಈಗ ಹಲ್ಲು ಕಂಡಿತು. ಆಮೇಲೆ ಎಷ್ಟು ಕಣ್ಣುಜ್ಜಿಕೊಂಡರೂ ಹಲ್ಲೇ ಕಂಡಿತು.

ಚರ್ಚೂ ಹಳೆಯದೇ. ಫ್ರಾನ್ಸಿನಿಂದ ಬಂದ ಯಾರೋ ಗಡ್ಡದ ಪಾದ್ರಿಗಳು ನಿಂತು ಕಟ್ಟಿಸಿದ್ದಂತೆ. ತಳದಲ್ಲಿ ಕಾಡುಗಲ್ಲು, ಮೇಲೆ ಚಪ್ಪಟೆ ಇಟ್ಟಿಗೆ, ಮೊಳಕ್ಕೂ ಮಿಕ್ಕ ದಪ್ಪದ ಗೋಡೆ. ಕಿಟಕಿಗಳು ಮೇಲೆ ಹೋಗುತ್ತ ಹೋಗುತ್ತ ಎರಡು ಕೈ ಜೋಡಿಸಿ ಮುಗಿದಂತೆ ಚೂಪಾಗುತ್ತವೆ. ಮಧ್ಯಾಹ್ನದ ಹೊತ್ತು ಒಳಗೆ ಕೂತರೆ ಬಣ್ಣದ ಗಾಜಿನಿಂದ ಇಳಿದ ಬಿಸಿಲು ನೆಲದ ಮೇಲೆ ಸೀರೆ ಹರವಿದ ಹಾಗೆ ಬಿದ್ದಿರುತ್ತದೆ. ಗೋಪುರದ ಗಂಟೆ ಹಡಗಿನಲ್ಲಿ ಮದ್ರಾಸಿಗೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬಳ್ಳಾಪುರಕ್ಕೆ ಬಂತೆಂದು ವಸಂತ್ ಹೇಳುತ್ತಾನೆ. ಕೇಳುವವರು ಸಿಕ್ಕಿದರೆ ಎತ್ತುಗಳ ಬಣ್ಣವನ್ನೂ ಹೇಳುತ್ತಾನೆ.

ಹಿಂದೆ ಯಾವುದೋ ಸಮಿತಿಯವರು ಗೋಡೆ ಉದುರಿದಲ್ಲೆಲ್ಲ ಸಿಮೆಂಟು ಮೆತ್ತಿಸಿದ್ದರು. ಸುಣ್ಣದ ಗೋಡೆಗೆ ಸಿಮೆಂಟು ಒಗ್ಗದೆ ಒಳಗಿನ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗತೊಡಗಿತ್ತು. ಈಗ ಬೆಂಗಳೂರಿನಿಂದ ಬಂದ ವಾಣಿಶ್ರೀ ಎಂಬ ಇಂಜಿನಿಯರು, ಹಳೇ ಕಟ್ಟಡಗಳನ್ನು ಉಳಿಸುವುದರಲ್ಲೇ ಓದಿಕೊಂಡವರು, "ಗಾರೆ ಬಿಟ್ಟು ಬೇರೇನೂ ಈ ಗೋಡೆ ಮುಟ್ಟಬಾರದು" ಎಂದು ಕಡ್ಡಿ ಮುರಿದಂತೆ ಹೇಳಿಹೋಗಿದ್ದರು. ಕೆಲಸಕ್ಕೆ ತಮಿಳುನಾಡಿನ ಕಾರೈಕುಡಿಯ ಗಾರೆ ಕೆಲಸಗಾರರ ತಂಡವೊಂದು ತಯಾರಾಗಿತ್ತು. ಆದರೂ ಊರಿನವನೇ ಒಬ್ಬ ಸಿಕ್ಕರೆ ಒಂದು ತುಂಡು ಮಾಡಿ ತೋರಿಸಲಿ, ಒಪ್ಪಿಗೆಯಾದರೆ ಇಡೀ ಚರ್ಚು ಅವನದೇ ಎಂದು ಫಾದರ್ ಚೌರಪ್ಪನವರು ಕೇಳಿಕೊಂಡಿದ್ದರು.

ಆ ಒಬ್ಬ ಕೆಂಪರಾಜು. ಮಧುರೆ ಹೋಬಳಿಯ ಅವನ ತಾತ ಗಾರೆ ಕೆಲಸದವನು. ಮೊಮ್ಮಗ ಮಾತ್ರ ಕಾಲಕ್ಕೆ ತಕ್ಕಂತೆ ಸಿಮೆಂಟು ಹಿಡಿದು, ಹಳ್ಳಿಹಳ್ಳಿಯಲ್ಲೂ ಕಕ್ಕಸು ಗುಂಡಿ ಕಟ್ಟುತ್ತ ಬಂದಿದ್ದ. ಗುಂಡಿಗಳು ಗಟ್ಟಿಮುಟ್ಟಾಗಿದ್ದವು. ಅದೇ ಅವನಿಗೆ ಮುಳುವಾಯಿತು. ಊರೆಲ್ಲ ಅವನನ್ನು 'ಗುಂಡಿ ಕೆಂಪರಾಜು' ಎಂದೇ ಕರೆಯಿತು. ಮಗಳನ್ನು ನೋಡಲು ಬಂದ ನೆಂಟರಿಗೆ ದಾರಿ ತೋರಿಸಿದ ಪುಣ್ಯಾತ್ಮನೂ "ಗುಂಡಿ ಕೆಂಪರಾಜು ಮನೆಯಾ? ಅಗೋ" ಎಂದಿದ್ದ. ಬಂದವರು ಕಾಫಿ ಲೋಟವನ್ನು ಎರಡು ಸಲ ಮೂಸಿ ಕುಡಿದರು. ಒಂದು ಚರ್ಚು, ಒಂದೇ ಒಂದು ಚರ್ಚು ಕೈಗೆ ಸಿಕ್ಕಿದರೆ ಆ ಹೆಸರು ತೊಳೆದುಹೋಗುತ್ತದೆ ಎಂದು ಕೆಂಪರಾಜು ನಂಬಿದ್ದ.

ಅದಕ್ಕೇ ಸುಣ್ಣವನ್ನು ವಾರಗಟ್ಟಲೆ ನೆನೆಸಿ, ಮರಳು ಸೇರಿಸಿ ರುಬ್ಬಿ, ಬೆಲ್ಲದ ನೀರು, ಅಳಲೆಕಾಯಿಯ ರಸ ಹಾಕಿ, ತಾತ ಮಾಡುತ್ತಿದ್ದುದನ್ನು ನೆನಪಿನಿಂದ ಹೆಕ್ಕಿ ಹೆಕ್ಕಿ ಬಳಿದಿದ್ದ. ಮೊದಲ ವಾರ ಇರುವೆಗಳು ಗೋಡೆಗೆ ಮೆರವಣಿಗೆ ಬಂದವು. ಮೂರನೇ ವಾರಕ್ಕೆ ಗಾರೆ ಕಲ್ಲಾಯಿತು. ಇವತ್ತು ಸಂಜೆ ಮೇಡಂ ನೋಡಲು ಬರುವವರಿದ್ದರು. ಅವರನ್ನು ಕರೆತರಲು ಫಾದರ್ ಬೆಂಗಳೂರಿಗೆ ಹೋಗಿದ್ದರು.

"ಹಲ್ಲಿನಂಗೆ ಕಂಡ್ರೆ ಏನಾಗ್ತದೆ ವಸಂತಣ್ಣ?" ಎಂದ ಕೆಂಪರಾಜು.

"ಏನಾಗ್ತದೆ ಅಂದ್ರೆ? ಹಳೇ ಗೋಡೆಗೆ ಹಳೇದೇ ಹೊಂದ್ಬೇಕಲ್ವಾ? ನೂರೈವತ್ತು ವರ್ಷದ ಗೋಡೆ. ಹೊಗೆ, ಮಳೆ, ಧೂಳು ಎಲ್ಲಾ ಕುಡಿದೈತೆ. ನಿಂದು ನಿನ್ನೆ ಮೊನ್ನೆ ಹುಟ್ಟಿದ್ದು. ಮೇಡಂ ದೂರದಿಂದ್ಲೇ ನೋಡಿ ವಾಪಸ್ ಹೋಗ್ತಾರೆ."

ಎದುರಿನ ಟೀ ಅಂಗಡಿಯ ರಹೀಮ್ ಎರಡು ಲೋಟ ಹಿಡಿದು ಬಂದವನು ಇದನ್ನು ಕೇಳಿಸಿಕೊಂಡ. "ಅರೇ ಮೇಸ್ತ್ರಿ, ಇಷ್ಟಕ್ಕೆ ಯಾಕೆ ಮುಖ ಸಣ್ಣ ಮಾಡ್ಕೋತೀರಾ? ನಮ್ದು ಅಂಗಡಿ ಗೋಡೆ ನೋಡಿ. ಸುಣ್ಣ ಹೊಡ್ಸಿ ಆರು ತಿಂಗ್ಳಾಗಿಲ್ಲ, ಟಿಪ್ಪು ಕಾಲದ್ದು ಅನ್ನಂಗೈತೆ. ಎಲ್ಲಾ ಡಿಕಾಕ್ಷನ್ ಮಹಿಮೆ!"

ಹೇಳಿದ್ದಷ್ಟೇ ಅಲ್ಲ, ಬೆಳಗಿನಿಂದ ಕುದ್ದು ಕಪ್ಪಾದ ಟೀ ಸೊಪ್ಪಿನ ನೀರನ್ನು ಬಕೆಟ್ಟಿನಲ್ಲೇ ತಂದ. ಕೆಂಪರಾಜು ಬಟ್ಟೆ ಅದ್ದಿ ಒರೆಸಿದ. ಗಾರೆ ಕುಡಿದಲ್ಲಿ ಕಂದಾಯಿತು, ಕುಡಿಯದಲ್ಲಿ ಬೆಳ್ಳಗೇ ಉಳಿಯಿತು. ಹಲ್ಲು ಹೋಗಿ ಸೀಮೆಹಸುವಿನ ಹೊಟ್ಟೆ ಬಂತು.

"ಇದು ಇನ್ನೂ ಚೆನ್ನಾಗಾಯ್ತು" ಎಂದು ವಸಂತ್ ತಲೆ ಕೆರೆದುಕೊಂಡ. "ಚರ್ಚಿಗೆ ಹಸು ಕಟ್ಟಿದಂಗೈತೆ."

ಗೇಟಿನಲ್ಲಿ ಮೇಣದಬತ್ತಿ, ಹೂವು, ಹರಕೆಯ ಉಪ್ಪು ಮೆಣಸು ಮಾರುವ ಲಕ್ಷ್ಮೀದೇವಮ್ಮನಿಗೆ ಇಷ್ಟು ಗಂಡಸರು ಗೋಡೆ ನೋಡುತ್ತ ನಿಂತಿದ್ದನ್ನು ಕಂಡು ಕೂರಲಾಗಲಿಲ್ಲ. ಬುಟ್ಟಿ ಮುಚ್ಚಿಟ್ಟು ಬಂದಳು.

"ಗೋಡೆಗೆ ಟೀ ಕುಡಿಸ್ತಾರೇನ್ರಪ್ಪಾ ಯಾರಾದ್ರೂ? ನಮ್ಮತ್ತೆ ಅಡುಗೆಮನೆ ನೋಡಿದ್ರೆ ಹಿಂಗೆ ಮಾಡ್ತಿರ್ಲಿಲ್ಲ. ಹೊಗೆ ಹಾಕ್ಬೇಕು ಕಣ್ರೋ, ಹೊಗೆ! ಬಿಡು ಕೆಂಪರಾಜು, ನೀನು ಮಗ ಇದ್ದಂಗೆ, ನಾನ್ ಮಾಡ್ಕೊಡ್ತೀನಿ."

ತೆಂಗಿನ ನಾರು, ಒಂದಿಷ್ಟು ಸಾಂಬ್ರಾಣಿ, ಉರಿದು ಉಳಿದ ಮೇಣದ ತುಂಡುಗಳು, ಎಲ್ಲವನ್ನೂ ಹಳೇ ಬಾಂಡ್ಲಿಗೆ ಹಾಕಿ ಹಚ್ಚಿದಳು. ಕೆಂಪರಾಜು ತಗಡಿನ ತುಂಡು ಹಿಡಿದು ಹೊಗೆಯನ್ನು ಗೋಡೆಗೆ ತಿರುಗಿಸಿದ. ಹೊಗೆ ಹತ್ತುತ್ತಿದ್ದ ಹಾಗೆ ನಾರಿನಿಂದ ಉಜ್ಜಿದ, ಮತ್ತೆ ಹೊಗೆ, ಮತ್ತೆ ಉಜ್ಜಾಟ. ಎದೆ ಹಗುರಾಯಿತು. ಸೀಮೆಹಸು ಕರಗಿ, ಪಕ್ಕದ ಹಳೇ ಗೋಡೆಯ ಬಣ್ಣವೇ ಇದಕ್ಕೂ ಬಂತು. ಎಲ್ಲಿ ಹಳೆಯದು ಮುಗಿಯಿತು, ಎಲ್ಲಿ ಹೊಸದು ಶುರುವಾಯಿತು ಎಂದು ಬೆರಳಿಟ್ಟು ಹುಡುಕಬೇಕಿತ್ತು.

"ಆಹಾ! ಈಗ ನೋಡು!" ಎಂದು ವಸಂತ್ ಕೈ ತಟ್ಟಿದ.

ಆದರೆ ಮೇಣ ಕರಗಿ ಹೊತ್ತಿಕೊಂಡು ಬಾಂಡ್ಲಿಯ ಹೊಗೆ ಸೂರು ಮುಟ್ಟಿತ್ತು. ಹಿಂದಿನ ಬೀದಿಯ ಮಗ್ಗಗಳು ಒಂದೊಂದಾಗಿ ನಿಂತವು. "ಚರ್ಚಿಗೆ ಬೆಂಕಿ ಬಿತ್ತು ಕಣ್ರೋ!" ಎಂದು ಜನ ಕಾಂಪೌಂಡು ಹಾರಿದರು. ಕೆಂಪರಾಜು "ಏನಿಲ್ಲ, ಏನಿಲ್ಲ!" ಎಂದು ಕೆಮ್ಮುತ್ತ ಕೂಗುವುದರೊಳಗೆ ಯಾರೋ ಒಬ್ಬ ಉಪಕಾರಿ, ರಹೀಮನ ಅಂಗಡಿಯ ಲೋಟ ತೊಳೆಯುವ ಸೋಪು ನೀರಿನ ಡ್ರಮ್ಮನ್ನೇ ಎತ್ತಿ ತಂದು ಬೀಸಿ ಎರಚಿದ. ಬಾಂಡ್ಲಿ ತಪ್ಪಿತು. ಕೆಂಪರಾಜುವಿನ ಗಾರೆಯೂ ತಪ್ಪಿತು. ನೀರೆಲ್ಲ ಕಿಟಕಿಯ ಎಡಗಡೆಯ ಹಳೇ ಗೋಡೆಗೆ ಬಿತ್ತು.

ಬೆಂಕಿ ಇಲ್ಲವೆಂದು ತಿಳಿದು ಜನ ಬೇಸರದಿಂದ ಹೋದ ಮೇಲೆ ನೋಡಿದರೆ, ನೂರೈವತ್ತು ವರ್ಷದ ಮಸಿ ಪಟ್ಟೆ ಪಟ್ಟೆಯಾಗಿ ಇಳಿಯುತ್ತಿತ್ತು.

"ಅಯ್ಯಯ್ಯೋ, ಗೋಡೆಗೆ ಜಿರಾಫೆ ಬಂತು!" ಎಂದ ರಹೀಮ್.

"ಹಿಂಗೇ ಬಿಟ್ರೆ ಎಡವಟ್ಟಾಗ್ತದೆ" ಎಂದು ವಸಂತ್ ಗಾಬರಿಯಾದ. "ಫಾದರ್ ನೋಡಿದ್ರೆ ನನ್ನನ್ನೇ ಕೇಳ್ತಾರೆ. ಉಜ್ಜಿ, ಉಜ್ಜಿ, ಒಂದೇ ಸಮ ಮಾಡ್ಬಿಡಿ!"

ನಾಲ್ವರೂ ಸೇರಿ ಉಜ್ಜಿದರು. ಸೋಪು ನೀರಿಗೆ ಅಂಟವಾಳಕಾಯಿ ಸೇರಿತು. ಉಜ್ಜಿದಷ್ಟೂ ಒಳಗಿನ ಹಳೇ ಗಾರೆ ಹಾಲಿನ ಕೆನೆಯ ಹಾಗೆ ಬಿಳಿಚಿಕೊಂಡು ಹೊರಗೆ ಬಂತು. ಒಂದು ಚಾಪೆ ಹಾಸುವಷ್ಟು ಚೌಕ ಫಳಫಳ ಹೊಳೆಯಿತು. ಕೆಂಪರಾಜು ಅದನ್ನು ನೋಡಿ, ಇದಕ್ಕೂ ಒಂದಿಷ್ಟು ಹೊಗೆ ತೋರಿಸಿದರೆ ಸರಿಹೋಗುತ್ತದೆ ಎಂದು ಬಾಂಡ್ಲಿಗೆ ಕೈ ಹಾಕಿದ. ಅಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು.

ವಾಣಿಶ್ರೀ ಮೇಡಂ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಲಕ್ಷ್ಮೀದೇವಮ್ಮ ಬಾಂಡ್ಲಿಯನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ಗುಲಾಬಿ ಗಿಡದ ಹಿಂದೆ ಸರಿದಳು. ಗಿಡ ಹೊಗೆಯಾಡತೊಡಗಿತು.

"ಎಲ್ಲಿ ಫಾದರ್ ಸ್ಯಾಂಪಲ್ಲು?"

"ಆ ಕಿಟಕಿ ಪಕ್ಕ ಮೇಡಂ. ಬೆಳ್ಳಗೆ ಕಾಣುತ್ತಲ್ಲ, ಅದೇ" ಎಂದು ಫಾದರ್ ಚೌರಪ್ಪನವರು ದೂರದಿಂದಲೇ ಹೆಮ್ಮೆಯಿಂದ ಕೈ ತೋರಿಸಿದರು.

ಕೆಂಪರಾಜು ಬಾಯಿ ತೆರೆಯುವುದರೊಳಗೆ ಮೇಡಂ ನೇರವಾಗಿ ಎಡಗಡೆಯ ಬಿಳಿ ಚೌಕದ ಮುಂದೆ ನಿಂತು ಚೀಲದಿಂದ ಪುಟ್ಟ ಸುತ್ತಿಗೆ ತೆಗೆದರು. ಟಕ್ ಟಕ್ ಎನ್ನಿಸಿದರು. ಉಗುರಿನಿಂದ ಕೆರೆದರು. ಸೋಪು ನೀರು ಕುಡಿದು ಮೆತ್ತಗಾಗಿದ್ದ ಮೇಲ್ಪದರ ಹಿಟ್ಟಿನಂತೆ ಅವರ ಉಗುರಿಗೆ ಬಂತು.

"ಸಾರಿ ಮೇಸ್ತ್ರಿ" ಎಂದರು ಮೃದುವಾಗಿ. "ಬೆಳ್ಳಗಿದೆ ಅಂತ ನನ್ನ ತಕರಾರಲ್ಲ. ಹೊಸದು ಹೊಸದಾಗೇ ಕಾಣ್ಬೇಕು, ಅದೇ ನಮ್ಮ ನಿಯಮ. ಇಲ್ಲದಿದ್ರೆ ಮುಂದೆ ಬರೋರಿಗೆ ಯಾವುದು ಹಳೇದು, ಯಾವುದು ರಿಪೇರಿ ಅಂತ ಹೇಗೆ ಗೊತ್ತಾಗ್ಬೇಕು? ಆದರೆ ಇದರಲ್ಲಿ ಸತ್ವ ಇಲ್ಲ. ಪುಡಿ ಪುಡಿ ಬರ್ತಿದೆ."

ಹೊಸದು ಹೊಸದಾಗೇ ಕಾಣಬೇಕು! ಕೆಂಪರಾಜು ವಸಂತನ ಕಡೆ ನೋಡಿದ. ವಸಂತ್ ಗೋಪುರದ ಗಂಟೆಯ ಕಡೆ ನೋಡಿದ.

ಮೇಡಂ ಅಷ್ಟಕ್ಕೆ ನಿಲ್ಲಲಿಲ್ಲ. ಕಿಟಕಿ ದಾಟಿ ಬಲಕ್ಕೆ ಬಂದರು. ಸುತ್ತಿಗೆ ಬಡಿದರು. ಗೋಡೆ ಕಂಚಿನ ತಟ್ಟೆಯಂತೆ ಖಣ್ಣೆಂದಿತು. ಅವರ ಮುಖ ಅರಳಿತು.

"ಇದನ್ನ ನೋಡಿ! ಇದಪ್ಪಾ ಗಾರೆ ಅಂದ್ರೆ. ಆ ಕಾಲದವರು ಏನು ಕೈ ಇಟ್ಟಿದ್ರೋ! ಇಷ್ಟು ವರ್ಷ ಆದ್ರೂ ಒಂದು ಬಿರುಕಿಲ್ಲ. ಇಡೀ ಚರ್ಚಲ್ಲಿ ಇಷ್ಟು ಚೆನ್ನಾಗಿ ಉಳಿದಿರೋ ಜಾಗ ಇನ್ನೊಂದಿಲ್ಲ."

"ಮೇಡಂ, ಅದು ನಂದು" ಎಂದ ಕೆಂಪರಾಜು.

"ಯಾವುದು?"

"ಅದೇ. ಈಗ ಹೊಗಳಿದ್ರಲ್ಲ, ಅದು. ನೀವು ಬೈದಿದ್ದು ಹಳೇದು."

ಮೇಡಂ ಮುಗುಳ್ನಕ್ಕರು. "ಮೂರು ವಾರದ ಗಾರೆ ಈ ಬಣ್ಣಕ್ಕೆ ಬರಲ್ಲ ಮೇಸ್ತ್ರಿ. ಸೋತಾಗ ಎಲ್ಲರಿಗೂ ಹಾಗನ್ನಿಸುತ್ತೆ. ಬೇಜಾರು ಮಾಡ್ಕೋಬೇಡಿ."

"ಕೆಂಪರಾಜು" ಎಂದರು ಫಾದರ್ ಮೆಲ್ಲಗೆ, "ಚರ್ಚಿನ ಅಂಗಳದಲ್ಲಿ ನಿಂತಿದ್ದೀಯಪ್ಪಾ."

"ಸತ್ಯವಾಗ್ಲೂ ಫಾದರ್! ಕೇಳಿ ಬೇಕಾದ್ರೆ! ವಸಂತಣ್ಣ, ಹೇಳಣ್ಣ!"

ಹೇಳಬೇಕಾದರೆ ಎಡಗಡೆಯದು ಹೇಗೆ ಬೆಳ್ಳಗಾಯಿತೆಂದೂ ಹೇಳಬೇಕಾಗುತ್ತಿತ್ತು. ವಸಂತ್ ಕನ್ನಡಕ ಒರೆಸಿಕೊಳ್ಳತೊಡಗಿದ, ಒರೆಸುತ್ತಲೇ ಇದ್ದ. ರಹೀಮ್, "ಹಾಲು ಉಕ್ತಾ ಐತೆ, ಬಂದೆ" ಎಂದು ಬೀದಿ ದಾಟಿದ.

ಗುಲಾಬಿ ಗಿಡದ ಹಿಂದಿನಿಂದ ಲಕ್ಷ್ಮೀದೇವಮ್ಮನೊಬ್ಬಳೇ ಧೈರ್ಯವಾಗಿ ಈಚೆ ಬಂದಳು. "ಅವನು ಹೇಳೋದು ನಿಜ ಕಣಮ್ಮಣ್ಣಿ! ಆ ಗೋಡೆಗೆ ಬೆಳಗಿಂದ ನಾನೇ ನಿಂತು ಹೊಗೆ ಹಾಕಿದ್ದು. ರಹೀಮ್ ಸಾಬ್ರು ಟೀ ಹಚ್ಚಿದ್ದು. ದೇವ್ರಾಣೆಗೂ!" ಎಂದು ಸಾಕ್ಷಿಗೆ ಬಾಂಡ್ಲಿಯನ್ನೂ ಎತ್ತಿ ತೋರಿಸಿದಳು.

ಮೇಡಂ ಗೋಡೆಗೆ ಅಡ್ಡ ನಿಂತರು.

"ಏನು? ಇದಕ್ಕೆ ಹೊಗೆ ಹಾಕಿದ್ರಾ? ಟೀ ಬಳಿದ್ರಾ? ಫಾದರ್, ನೂರೈವತ್ತು ವರ್ಷದ ಗೋಡೆ ಇದು!"

ಆಮೇಲೆ ಯಾರ ಮಾತೂ ನಡೆಯಲಿಲ್ಲ. ಕೆಂಪರಾಜು ಮತ್ತೊಮ್ಮೆ, "ಬೇಕಾದ್ರೆ ಉಳಿಯಲ್ಲಿ ಒಂದ್ ಚೂರು ಒಡೆದು ತೋರಿಸ್ತೀನಿ ಮೇಡಂ, ಒಳಗೆ ಬೆಳ್ಳಗೈತೆ" ಎಂದು ಹೊರಟದ್ದು ಇನ್ನೂ ಕೆಟ್ಟದಾಯಿತು. "ಉಳಿ ತಂದ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ" ಎಂದರು ಮೇಡಂ. ಸೋಮವಾರ ಕಾರೈಕುಡಿಯವರು ಬರಬೇಕು. ಇಡೀ ಚರ್ಚಿಗೆ ಈ ತುಂಡಿನ ಹಾಗೆಯೇ ಗಾರೆ ಬಳಿಯಬೇಕು. ಅವರು ನೋಡಿ ಕಲಿಯಲಿ. ಅಲ್ಲಿಯವರೆಗೆ ಸುತ್ತ ಹಗ್ಗ ಕಟ್ಟಿ, ಊದುಬತ್ತಿಯ ಹೊಗೆಯೂ ತಾಕದಂತೆ ಹಗಲಿಡೀ ಒಬ್ಬರು ಕಾಯಬೇಕು.

ಎಲ್ಲ ಮುಗಿದ ಮೇಲೆ ಫಾದರ್ ಚೌರಪ್ಪನವರಿಗೆ ಕೆಂಪರಾಜುವಿನ ಮುಖ ನೋಡಿ ಕರುಳು ಚುರುಕ್ಕೆಂದಿತು. ಹೆಗಲ ಮೇಲೆ ಕೈಯಿಟ್ಟು, "ಬರಿಗೈಯಲ್ಲಿ ಹೋಗ್ಬೇಡ ಕಣಪ್ಪ. ಕಾಯೋ ಕೆಲ್ಸ ನಿಂಗೇ ಕೊಡ್ತೀನಿ. ನಿಂಗೆ ಗಾರೆ ಅಂದ್ರೆ ಪ್ರೀತಿ ಐತೆ ಅಂತ ಗೊತ್ತು" ಎಂದರು. ಕೆಂಪರಾಜು ತಲೆಯಾಡಿಸಿ ಒಪ್ಪಿದ. ಬೇಡವೆಂದರೆ ಬೇರೆ ಯಾರೋ ಬಂದು ತನ್ನ ಗೋಡೆಯ ಮುಂದೆ ಕೂರುತ್ತಾರೆ.

ಬಿಸಿಲು ಇಳಿಯುತ್ತಿತ್ತು. ವಸಂತ್ ಹಗ್ಗ ಕಟ್ಟಿಸಿ, ಒಳಗಿನಿಂದ ಒಂದು ಸ್ಟೂಲು ತರಿಸಿ ಹಾಕಿಸಿದ. ನಿಂತ ಮಗ್ಗಗಳು ಮತ್ತೆ ಸದ್ದು ಮಾಡತೊಡಗಿದವು. ಕೆಂಪರಾಜು ಸ್ಟೂಲಿನ ಮೇಲೆ ಕೂತು, ಓರೆಯಾಗಿ ಬಿದ್ದ ಬೆಳಕಿನಲ್ಲಿ ತನ್ನ ಗಾರೆಯನ್ನು ನೋಡಿದ. ಅಂಚಿನಲ್ಲಿ ಒಂದೆಡೆ, ಸಾಸಿವೆಕಾಳಿನಷ್ಟು ಉಬ್ಬು. ಕರಣೆ ಎತ್ತುವಾಗ ಉಳಿದದ್ದಿರಬೇಕು. ಕೆಲಸಗಾರನ ಕಣ್ಣಿಗೆ ಬಿದ್ದ ಮೇಲೆ ಸುಮ್ಮನೆ ಕೂರುವುದಕ್ಕಾಗುತ್ತದೆಯೇ? ಎದ್ದು, ಹಗ್ಗದ ಮೇಲಿನಿಂದ ಬಾಗಿ, ಹೆಬ್ಬೆರಳು ಚಾಚಿದ.

"ಏಯ್! ಯಾರಯ್ಯಾ ಅದು?" ಎಂದು, ಕಿಟಕಿಯ ಬಣ್ಣದ ಗಾಜಿನಲ್ಲಿ ನೆರಳಷ್ಟೇ ಕಂಡ ವಸಂತ್ ಒಳಗಿನಿಂದ ಕೂಗಿದ. "ಹಳೇ ಕಾಲದ್ದು ಕಣಯ್ಯಾ, ಮುಟ್ಬಾರ್ದು! ಈ ವಾಚ್‌ಮನ್ ಎಲ್ಲಿ ಹಾಳಾಗೋದ?"